ಒಂಬತ್ತನೇ ಸ್ಥಾನದ ಜಗಳ: ಶಿಕಾಗೋ ಬುಲ್ಸ್ ಅಭಿಮಾನಿಗಳ ಒಂದು ಪ್ರಕರಣ

ಶಿಕಾಗೋದ ಪಶ್ಚಿಮಕ್ಕಿರುವ ಒಂದು ಉಪನಗರದಲ್ಲಿ ಎರಡು ಕನ್ನಡ ಮನೆಗಳು. ಒಂದು ಅಕ್ಕನದು, ಇನ್ನೊಂದು ತಮ್ಮನದು. ಜೊತೆಗೆ ತಮ್ಮನ ಆಫೀಸಿನ ಒಬ್ಬ ಗೆಳೆಯ. ಈ ಮೂರು ಕಡೆಯವರು ಸೇರಿ ಬುಲ್ಸ್ ಬಾಸ್ಕೆಟ್‌ಬಾಲ್ ತಂಡದ ತವರು ಅಂಕಣ ಯುನೈಟೆಡ್ ಸೆಂಟರ್‌ನ ಮೇಲಿನ ಅಂತಸ್ತಿನಲ್ಲಿ ಎರಡು ಸೀಸನ್ ಟಿಕೆಟ್ ಇಟ್ಟುಕೊಂಡಿದ್ದರು. ಒಂದು ಸೀಸನ್‌ಗೆ ತವರಿನಲ್ಲಿ 41 ಪಂದ್ಯ. ಅದನ್ನು ಹಂಚಿಕೊಂಡು ನೋಡೋದು, ಉಳಿದದ್ದನ್ನು ಮಾರೋದು. ಅಕ್ಕನ ಗಂಡನನ್ನು ಇಲ್ಲಿ ಭಾವ ಅಂತಲೇ ಕರೆಯುತ್ತೇನೆ, ತಮ್ಮನನ್ನು ಭಾಮೈದ ಅಂತ. ಭಾವನ ಮಗಳು ಕಾಲೇಜಿನಲ್ಲಿದ್ದಾಳೆ. ಗುರುತು ಸಿಗಬಾರದು ಅಂತ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬುಲ್ಸ್ ತಂಡದ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಜಗಳದ ವಿಷಯ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಎಲ್ಲರಿಗೂ ಗೊತ್ತಿರುವಂಥದ್ದೇ. ತಂಡ ತೀರಾ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಹೇಗಾದರೂ ಪ್ಲೇಆಫ್‌ಗೆ ತೂರಿಕೊಳ್ಳಲು ನೋಡಬೇಕಾ, ಅಥವಾ ಎಲ್ಲ ಬಿಚ್ಚಿ ಹಾಕಿ, ಎರಡು ಮೂರು ವರ್ಷ ಸೋತು, ಡ್ರಾಫ್ಟ್‌ನಲ್ಲಿ (ಪ್ರತಿ ವರ್ಷ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಹೊಸ ಹುಡುಗರನ್ನು ತಂದು ಮತ್ತೆ ಕಟ್ಟಬೇಕಾ?

ಐಪಿಎಲ್ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದರೆ ಬರೀ ಬೈಗುಳ ಸಿಗುತ್ತೆ. ಎನ್‌ಬಿಎಯಲ್ಲಿ ಹಾಗಲ್ಲ. ಪ್ಲೇಆಫ್ ತಲುಪದ 14 ತಂಡಗಳಿಗೆ ಒಂದು ಲಾಟರಿ ಇದೆ. ಅದರಲ್ಲಿ ಮೊದಲ ನಾಲ್ಕು ಆಯ್ಕೆ ಯಾರದ್ದು ಅಂತ ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ. ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. ಆದರೆ 2019ರಿಂದ ಅತಿ ಕೆಟ್ಟ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಅವಕಾಶ ತಲಾ ಶೇ. 14 ಮಾತ್ರ. ಬೇಕಂತಲೇ ಸೋಲೋದಕ್ಕೆ ಕಡಿವಾಣ ಹಾಕಲು ಮಾಡಿದ ಬದಲಾವಣೆ ಅದು. ಇನ್ನೊಂದು ಕಡೆಯಿಂದ ಪ್ಲೇ-ಇನ್ ಅನ್ನೋ ಅರ್ಹತಾ ಸುತ್ತು ಬಂತು. ಪೂರ್ವ, ಪಶ್ಚಿಮ ಅಂತ ಇರುವ ಎರಡು ವಿಭಾಗಗಳಲ್ಲಿ ಏಳರಿಂದ ಹತ್ತನೇ ಸ್ಥಾನದವರೆಗೆ ಬಂದವರಿಗೂ ಪ್ಲೇಆಫ್‌ಗೆ ಒಂದು ಕಿಟಕಿ ಸಿಕ್ಕಿತು. ಒಂಬತ್ತು, ಹತ್ತರಲ್ಲಿ ಇರುವವರು ಎರಡು ಪಂದ್ಯ ಗೆಲ್ಲಬೇಕು. ಒಂದು ಸೋತರೂ ಮನೆಗೆ.

ಬುಲ್ಸ್ ಸಿಕ್ಕಿಹಾಕಿಕೊಂಡದ್ದು ಸರಿಯಾಗಿ ಈ ಕಿಟಕಿಯಲ್ಲೇ.

ಹಿನ್ನೆಲೆ

2021ರ ಮಾರ್ಚ್‌ನಲ್ಲಿ ಬುಲ್ಸ್ ಆಡಳಿತ ಒಂದು ದೊಡ್ಡ ಪಣ ಕಟ್ಟಿತು. ಒರ್ಲಾಂಡೋದಿಂದ ನಿಕೋಲಾ ವುಚೆವಿಚ್‌ನನ್ನು ತಂದರು. ಬದಲಿಗೆ ವೆಂಡೆಲ್ ಕಾರ್ಟರ್ ಜೂನಿಯರ್, ಓಟೋ ಪೋರ್ಟರ್, ಮೇಲೆ ಎರಡು ಮೊದಲ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಆರಿಸುವ ಸರದಿ, ತಂಡಗಳು ಅದನ್ನೂ ಕೊಟ್ಟು ತೆಗೆದುಕೊಳ್ಳುತ್ತವೆ) ಕೊಟ್ಟರು. ಅದರಲ್ಲಿ ಒಂದು 8ನೇ ಪಿಕ್ ಆಗಿ, ಒರ್ಲಾಂಡೋ ಅದರಿಂದ ಫ್ರಾನ್ಜ್ ವಾಗ್ನರ್‌ನನ್ನು ಎತ್ತಿಕೊಂಡಿತು. ಭಾಮೈದನಿಗೆ ಈ ಹೆಸರು ಕೇಳಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅದೇ ಬೇಸಿಗೆಯಲ್ಲಿ ಡಿಮಾರ್ ಡಿರೋಜನ್, ಲಾಂಜೋ ಬಾಲ್, ಅಲೆಕ್ಸ್ ಕರೂಸೊ ಬಂದರು. 2022ರ ಜನವರಿಯಲ್ಲಿ ತಂಡ ಪೂರ್ವ ವಿಭಾಗದ ಮೊದಲ ಸ್ಥಾನದಲ್ಲಿತ್ತು. ಆಗ ಲಾಂಜೋ ಮೊಣಕಾಲು ಕೈಕೊಟ್ಟಿತು. ಅವನು ಮತ್ತೆ ಅಂಕಣಕ್ಕೆ ಇಳಿದದ್ದು 2024ರ ಅಕ್ಟೋಬರ್‌ನಲ್ಲಿ. ಆ ಸಲ 46 ಗೆಲುವು ಬಂದು ಪ್ಲೇಆಫ್ ಸಿಕ್ಕಿತು, ಆದರೆ ಮಿಲ್ವಾಕಿ ಮೊದಲ ಸುತ್ತಿನಲ್ಲೇ 4-1ರಿಂದ ಕಳಿಸಿಬಿಟ್ಟಿತು.

ಆಮೇಲೆ ನಡೆದದ್ದು ಬರೀ ಕಾಯುವ ಆಟ. 2022-23ರಲ್ಲಿ 40 ಗೆಲುವು, 42 ಸೋಲು. 2023-24ರಲ್ಲಿ 39-43. ಎರಡೂ ಸಲ ಪ್ಲೇ-ಇನ್, ಎರಡೂ ಸಲ ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಮಯಾಮಿಯಲ್ಲಿ ಸೋಲು. 2023ರಲ್ಲಂತೂ ಕೊನೆಯ ನಾಲ್ಕು ನಿಮಿಷದ ತನಕ ಮುಂದೆ ಇದ್ದು ಸೋತರು. ಅದೇ ಮಯಾಮಿ ಆ ವರ್ಷ ಫೈನಲ್ ತನಕ ಹೋಯಿತು. ಹಾಗಾಗಿ ಭಾವನಿಗೆ ಒಂದು ವಾದ ಸಿಕ್ಕಿತು: "ನಾವೂ ಅಲ್ಲೇ ಇದ್ವಲ್ಲೋ, ಇನ್ನು ನಾಲ್ಕು ನಿಮಿಷ!" 2023, 2024 ಎರಡೂ ಫೆಬ್ರವರಿಯಲ್ಲಿ ಟ್ರೇಡ್‌ನ, ಅಂದರೆ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ, ಗಡುವು ಬಂತು, ಹೋಯಿತು. ಬುಲ್ಸ್ ಒಂದೂ ಟ್ರೇಡ್ ಮಾಡಲಿಲ್ಲ. ಲಾಂಜೋ ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋ ಆಸೆ ಆಡಳಿತಕ್ಕೂ ಇತ್ತು, ಭಾವನಿಗೂ ಇತ್ತು.

ಇಬ್ಬರ ವಾದ

ಭಾವ ಶಿಕಾಗೋಗೆ ಬಂದದ್ದು ಬುಲ್ಸ್ 72 ಪಂದ್ಯ ಗೆದ್ದ ಸೀಸನ್ ಮುಗಿದ ಮೇಲೆ, 1996ರಲ್ಲಿ. ಆಮೇಲಿನ ಎರಡು ಕಪ್ ನೋಡಿದರು. ಇಂಥವರು ಹಳೇ ವೈಭವದ ಗುಂಗಿನಲ್ಲಿ ಇರುತ್ತಾರೆ, ಅದಕ್ಕೇ ಗೆಲುವು ಬೇಕು ಅಂತಾರೆ ಅಂದುಕೊಳ್ಳಬೇಡಿ. ಭಾವನ ತಲೆಯಲ್ಲಿ ಇದ್ದದ್ದು ಕಪ್ ಬಂದ ವರ್ಷಗಳಲ್ಲ, 1998ರ ನಂತರದ ಆರು ವರ್ಷಗಳು.

"ಡ್ರಾಫ್ಟ್ ಡ್ರಾಫ್ಟ್ ಅಂತೀಯಲ್ಲ, ಆಗ ನೀನು ಇಲ್ಲಿ ಇದ್ಯಾ? ಹೈಸ್ಕೂಲಲ್ಲಿ ಇದ್ದೆ ಜಯನಗರದಲ್ಲಿ. ಒಂದು ವರ್ಷ 17 ಗೆದ್ರು, ಮುಂದಿನ ವರ್ಷ 15. ಮೊದಲನೇ ಪಿಕ್ ಬಂತು, ನಾಲ್ಕನೇ ಪಿಕ್ ಬಂತು, ಎರಡನೇ ಪಿಕ್ ಬಂತು. ಏನಾಯ್ತು?"

ಅವರ ಲೆಕ್ಕ ತಪ್ಪಿಲ್ಲ. 1999ರಲ್ಲಿ ಮೊದಲ ಪಿಕ್ ಆಗಿ ಬಂದ ಎಲ್ಟನ್ ಬ್ರ್ಯಾಂಡ್‌ನನ್ನು ಎರಡೇ ವರ್ಷಕ್ಕೆ ಕೊಟ್ಟುಬಿಟ್ಟರು. 2002ರ ಎರಡನೇ ಪಿಕ್ ಜೇ ವಿಲಿಯಮ್ಸ್ ಒಂದು ಸೀಸನ್ ಆಡಿ ಬೈಕ್ ಅಪಘಾತದಲ್ಲಿ ಗಾಯಗೊಂಡ. ಮತ್ತೆ ಎನ್‌ಬಿಎಯಲ್ಲಿ ಆಡಲೇ ಇಲ್ಲ. ಬುಲ್ಸ್ ಪ್ಲೇಆಫ್ ಮುಖ ಕಂಡದ್ದು 2005ರಲ್ಲಿ. ಎರಡನೇ ಸಲ ಕೆಡವಿ ಕಟ್ಟಿದ್ದು 2017ರಲ್ಲಿ, ಜಿಮ್ಮಿ ಬಟ್ಲರ್‌ನನ್ನು ಕೊಟ್ಟು. ಆಗ 27 ಗೆಲುವಿನ ಸೀಸನ್ ಬಂತು, 22 ಗೆಲುವಿನದೂ ಬಂತು. ಅಷ್ಟು ಸೋತು ಸಿಕ್ಕಿದ್ದು 2018ರಲ್ಲಿ 7ನೇ ಪಿಕ್, 2019ರಲ್ಲಿ ಮತ್ತೆ 7ನೇ ಪಿಕ್, 2020ರಲ್ಲಿ 4ನೇದು. ಬಟ್ಲರ್ ಟ್ರೇಡ್‌ನಲ್ಲಿ ಬಂದ ಲೌರಿ ಮಾರ್ಕನನ್‌ನನ್ನು 2021ರಲ್ಲಿ ಬಿಟ್ಟುಕೊಟ್ಟರು. ಅವನು ಯೂಟಾಗೆ ಹೋಗಿ ಲೀಗಿನ ಶ್ರೇಷ್ಠರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ.

ಭಾಮೈದನ ಮಾತು ಬೇರೆ. "ಭಾವ, ಕೆಟ್ಟದಾಗಿ ಡ್ರಾಫ್ಟ್ ಮಾಡಿದ್ರು ಅಂತ ಡ್ರಾಫ್ಟೇ ಬೇಡ ಅನ್ನೋಕಾಗುತ್ತಾ? ಒಂಬತ್ತನೇ ಸ್ಥಾನದಲ್ಲಿ ಇದ್ರೆ ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ನೀವು ದುಡ್ಡು ಕೊಟ್ಟು ಪ್ರತಿ ವರ್ಷ ಅದೇ ಸಿನಿಮಾ ನೋಡ್ತಾ ಇದ್ದೀರ." ಅವನ ಕೈಯಲ್ಲಿ ಯಾವಾಗಲೂ ಓಕ್ಲಹೋಮಾ ಸಿಟಿಯ ಉದಾಹರಣೆ ಇರುತ್ತಿತ್ತು. ಅವರು 2020-21ರಲ್ಲಿ 22 ಗೆದ್ದರು, ಮುಂದಿನ ವರ್ಷ 24, ಆಮೇಲೆ ಏರಿದ್ದೇ ಏರಿದ್ದು.

2024ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ 112-91ರಿಂದ ಸೋತ ರಾತ್ರಿ ಮಾತು ಕೆಟ್ಟಿತು. ಆ ಸಂಜೆ ಭಾಮೈದ ಭಾವನ ಮನೆಯ ಸೋಫಾದಲ್ಲಿ ಕೂತು ಮಯಾಮಿ ಪರ ಚಪ್ಪಾಳೆ ತಟ್ಟಿದ. ಭಾವ ಎದ್ದು ಟೀವಿ ಆರಿಸಿ ಒಳಗೆ ಹೋದರು. ಟಿಕೆಟ್ ಪಾಲುದಾರ ಗೆಳೆಯ ಮರುವಾರ ನನಗೆ ಬೇಡ ಅಂತ ಕೈತೊಳೆದುಕೊಂಡ. ಮೂರು ಪಾಲು ಎರಡಾಯಿತು. ಈಗ ನಿಜವಾಗಿ ತೀರ್ಮಾನ ಮಾಡಬೇಕಾಯಿತು: ಎರಡೇ ಮನೆ ಸೇರಿ ಇಷ್ಟು ಖರ್ಚು ಮುಂದುವರಿಸಬೇಕಾ?

ಮಗಳ ಪ್ರಶ್ನೆ

ಮೊದಲು ಮಾಡಿದ ಪ್ರಯತ್ನಗಳು ಕೆಲಸಕ್ಕೆ ಬರಲಿಲ್ಲ. ಆಟದ ದಿನ ಈ ವಿಷಯ ಎತ್ತಬಾರದು ಅಂತ ಅಕ್ಕ ನಿಯಮ ಮಾಡಿದರು. ಅದು ಒಂದು ವಾರವೂ ನಿಲ್ಲಲಿಲ್ಲ. ಭಾಮೈದ ಅಂಕಿ ಅಂಶ ತುಂಬಿದ ಲೇಖನಗಳನ್ನು ಕಳಿಸುತ್ತಾ ಹೋದ. ಭಾವ ಒಂದನ್ನೂ ತೆರೆಯಲಿಲ್ಲ.

ಬೇಸಿಗೆ ರಜೆಗೆ ಮನೆಗೆ ಬಂದ ಮಗಳು ಮಧ್ಯೆ ಬಾಯಿ ಹಾಕಿದ್ದು ಒಂದು ಸಣ್ಣ ಪ್ರಶ್ನೆ ಕೇಳಲು. "ಮಾಮ, 2023ರಲ್ಲಿ ಸೋಲಲಿ ಸೋಲಲಿ ಅಂತಿದ್ರಲ್ಲ, ಆ ವರ್ಷ ನಮ್ಮ ಪಿಕ್ ನಮ್ಮ ಹತ್ರಾನೇ ಇತ್ತಾ?"

ಇರಲಿಲ್ಲ. ವುಚೆವಿಚ್‌ಗಾಗಿ ಕೊಟ್ಟ ಎರಡನೇ ಪಿಕ್ ಅದೇ. ಮೊದಲ ನಾಲ್ಕರೊಳಗೆ ಬಂದರೆ ಮಾತ್ರ ಬುಲ್ಸ್ ಇಟ್ಟುಕೊಳ್ಳಬಹುದಿತ್ತು. ಕೊನೆಗೆ ಅದು 11ನೇದಾಗಿ ಒರ್ಲಾಂಡೋಗೆ ಹೋಯಿತು. ಅಂದರೆ ಆ ವರ್ಷ ಸ್ವಲ್ಪ ಸೋತು, ಸ್ವಲ್ಪ ಕೆಳಗೆ ಇಳಿದಿದ್ದರೆ ಬುಲ್ಸ್‌ಗೆ ಏನೂ ಸಿಗುತ್ತಿರಲಿಲ್ಲ. ಪೂರ್ತಿ ನೆಲಕಚ್ಚಿದ್ದರೆ ಮಾತ್ರ ಏನಾದರೂ ಲಾಭ. ಆ ವರ್ಷದ ಮಟ್ಟಿಗೆ ಗೆಲ್ಲಲು ನೋಡಿ ಅಂದ ಭಾವನೇ ಸರಿ. 2024ರಲ್ಲಿ ಪಿಕ್ ತಮ್ಮದೇ ಇತ್ತು, ಭಾಮೈದನ ಮಾತಿಗೆ ತೂಕ ಬಂತು. 2025ರ ಪಿಕ್ ಮತ್ತೆ ಬೇರೆ ಕಥೆ. ಡಿರೋಜನ್‌ನನ್ನು ತರುವಾಗ ಅದನ್ನು ಸ್ಯಾನ್ ಆಂಟೋನಿಯೋಗೆ ಬರೆದುಕೊಟ್ಟಿದ್ದರು. ಮೊದಲ ಹತ್ತರೊಳಗೆ ಬಂದರೆ ಉಳಿಯುತ್ತೆ, ಹನ್ನೊಂದಾದರೆ ಹೋಗುತ್ತೆ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲಿದೆ. ಇಬ್ಬರೂ ಪ್ರತಿ ವರ್ಷ ಅದೇ ವಾದ ಮಾಡುತ್ತಿದ್ದರು. ಆದರೆ ಪ್ರತಿ ವರ್ಷವೂ ಪ್ರಶ್ನೆ ಬೇರೆ ಇತ್ತು. ಸೋಲಿಗೆ ಬೆಲೆ ಇದೆಯಾ ಇಲ್ಲವಾ ಅನ್ನೋದು ಆ ವರ್ಷದ ಪಿಕ್ ಯಾರ ಜೇಬಿನಲ್ಲಿದೆ ಅನ್ನೋದರ ಮೇಲೆ ನಿಂತಿರುತ್ತೆ. ಪ್ಲೇಆಫ್ ಪಕ್ಷ, ಡ್ರಾಫ್ಟ್ ಪಕ್ಷ ಅಂತ ಕಾಯಂ ಸದಸ್ಯರಾಗಿಬಿಟ್ಟರೆ ಇದು ಕಣ್ಣಿಗೆ ಬೀಳೋದೇ ಇಲ್ಲ.

ಮಗಳು ಒಂದು ಶೀಟ್ ಮಾಡಿದಳು. ಬುಲ್ಸ್ ಏನಾದರೂ ಹೆಜ್ಜೆ ಇಟ್ಟರೆ ಅದಕ್ಕೊಂದು ಸಾಲು. ಕೊಟ್ಟದ್ದೇನು, ಬಂದದ್ದೇನು, ಬಂದವನ ವಯಸ್ಸು, ಒಪ್ಪಂದ ಎಷ್ಟು ವರ್ಷ. ಪಕ್ಕದಲ್ಲಿ ಭಾವನಿಗೊಂದು ಕಾಲಂ, ಭಾಮೈದನಿಗೊಂದು. ಫಲಿತಾಂಶ ಗೊತ್ತಾಗುವ ಮೊದಲೇ ಬರೆಯಬೇಕು, ಆಮೇಲೆ ತಿದ್ದುವ ಹಾಗಿಲ್ಲ. ಟಿಕೆಟ್ ಬೇಕಾ ಬೇಡವಾ ಅನ್ನೋದನ್ನು ಈ ಶೀಟ್‌ನಿಂದ ಹೊರಗಿಟ್ಟಳು. "ಅಪ್ಪ, ನಿಮಗೆ ಅಲ್ಲಿ ಹೋಗಿ ಕೂರೋದು ಇಷ್ಟ. ಅದಕ್ಕೆ ತಂಡ ಸರಿಯಾದ ದಾರೀಲಿ ಇದೆ ಅಂತ ಸಾಧಿಸೋ ಅಗತ್ಯ ಏನಿದೆ?"

ಈ ಮಾತಿನಿಂದ ಭಾವನ ಹೆಗಲ ಮೇಲಿನ ಒಂದು ಹೊರೆ ಇಳಿಯಿತು ಅನ್ನಿಸುತ್ತೆ. ಅವರು ಆಡಳಿತದ ಪರ ವಾದ ಮಾಡುತ್ತಿದ್ದದ್ದರಲ್ಲಿ ಅರ್ಧ, ಖರ್ಚು ಮಾಡಿದ ದುಡ್ಡಿನ ಪರ ವಾದ.

ಶೀಟ್‌ಗೆ ಮೊದಲ ಸಾಲು ಬಂದದ್ದು 2024ರ ಜೂನ್‌ನಲ್ಲಿ. ಕರೂಸೊನನ್ನು ಓಕ್ಲಹೋಮಾಗೆ ಕೊಟ್ಟು 21 ವರ್ಷದ ಜಾಶ್ ಗಿಡ್ಡಿಯನ್ನು ತಂದರು. ಪಿಕ್ ಒಂದೂ ಬರಲಿಲ್ಲ. ಕೆಡವಿ ಕಟ್ಟೋದನ್ನು ಬೇಡಿದ್ದ ಭಾಮೈದ "ತಪ್ಪು, ಪಿಕ್ ಕೇಳಬೇಕಿತ್ತು" ಅಂತ ಬರೆದ. ಗೆಲ್ಲಬೇಕು ಅನ್ನುತ್ತಿದ್ದ ಭಾವ "ಹುಡುಗ ಚಿಕ್ಕವನು, ನೋಡೋಣ" ಅಂತ ಬರೆದರು. ಇಬ್ಬರೂ ತಮ್ಮ ತಮ್ಮ ಪಕ್ಷ ಬಿಟ್ಟು ಮಾತಾಡಿದ್ದು ಅದೇ ಮೊದಲು.

ಲವೀನ್ ಹೋದ ಮೇಲೆ

2025ರ ಫೆಬ್ರವರಿಯಲ್ಲಿ ತಂಡದ ದುಬಾರಿ ತಾರೆ ಝ್ಯಾಕ್ ಲವೀನ್‌ನನ್ನು ಮೂರು ತಂಡಗಳ ಟ್ರೇಡ್‌ನಲ್ಲಿ ಸ್ಯಾಕ್ರಮೆಂಟೋಗೆ ಕಳಿಸಿದರು. ಬಂದದ್ದು ಕೆವಿನ್ ಹರ್ಟರ್, ಟ್ರೇ ಜೋನ್ಸ್, ಝ್ಯಾಕ್ ಕಾಲಿನ್ಸ್. ಜೊತೆಗೆ ಸ್ಯಾನ್ ಆಂಟೋನಿಯೋ ಹತ್ತಿರ ಅಡವಿದ್ದ 2025ರ ತಮ್ಮದೇ ಪಿಕ್ ವಾಪಸ್. ಪತ್ರಿಕೆಗಳಲ್ಲಿ ಇಷ್ಟೇನಾ ಅಂತ ನಗಾಡಿದರು. ಲವೀನ್‌ನ ಒಪ್ಪಂದ ಐದು ವರ್ಷಕ್ಕೆ 21.5 ಕೋಟಿ ಡಾಲರ್‌ದು, ಇನ್ನೂ ಬಾಕಿ ಇತ್ತು. ಅದನ್ನು ಹೊತ್ತುಕೊಳ್ಳುವವರು ಹೆಚ್ಚು ಕೊಡುತ್ತಾರಾ?

ಭಾಮೈದ ಖುಷಿಯಾದ. ಇನ್ನು ಸೋಲೋದು ಶುರು, ಮೊದಲ ಐದರಲ್ಲಿ ಪಿಕ್ ಖಚಿತ ಅಂದ. ನಡೆದದ್ದೇ ಬೇರೆ. 24 ಗೆಲುವು, 38 ಸೋಲಿನಲ್ಲಿ ಇದ್ದ ತಂಡ ಕೊನೆಯ 20 ಪಂದ್ಯಗಳಲ್ಲಿ 15 ಗೆದ್ದಿತು. ಕೋಬಿ ವೈಟ್ ಮಾರ್ಚ್ ತಿಂಗಳ ಪೂರ್ವ ವಿಭಾಗದ ಶ್ರೇಷ್ಠ ಆಟಗಾರ ಆದ. ಗಿಡ್ಡಿ ಹೆಚ್ಚುಕಡಿಮೆ ಪ್ರತಿ ರಾತ್ರಿ ಟ್ರಿಪಲ್ ಡಬಲ್‌ನ (ಅಂಕ, ರೀಬೌಂಡ್, ಅಸಿಸ್ಟ್‌ನಂಥ ಮೂರು ಲೆಕ್ಕದಲ್ಲೂ ಎರಡಂಕಿ) ಅಂಚಿಗೆ ಬರುತ್ತಿದ್ದ.

ಇದರಲ್ಲಿ ಒಂದು ತಮಾಷೆ ಇದೆ. ಪಿಕ್ ವಾಪಸ್ ಬಂದದ್ದರಿಂದಲೇ ಸೋಲುವ ಒತ್ತಡ ಕಡಿಮೆಯಾಯಿತು. ಮೊದಲಾದರೆ ಹತ್ತರೊಳಗೆ ಇರದಿದ್ದರೆ ಪಿಕ್ಕೇ ಹೋಗುತ್ತಿತ್ತು. ಈಗ 12ನೇದಾದರೂ ಸರಿ, ಕೈಯಲ್ಲಿ ಇರುತ್ತೆ. ಕೆಡವುವ ಟ್ರೇಡ್ ಅಂತ ಎಲ್ಲರೂ ಕರೆದದ್ದು ಹುಡುಗರಿಗೆ ಗೆಲ್ಲಲು ಪರವಾನಗಿ ಕೊಟ್ಟಿತು. ಆಡಳಿತ ಹೀಗೇ ಯೋಚಿಸಿತ್ತಾ, ಅಥವಾ ತಾನಾಗೇ ಆಯಿತಾ ಅನ್ನೋದು ಬೇರೆ ಚರ್ಚೆ.

ಮಾರ್ಚ್ 27ರಂದು ಲೇಕರ್ಸ್ ಬಂದಿದ್ದರು. ಆವತ್ತು ಟಿಕೆಟ್ ಸರದಿ ಭಾಮೈದ ಮತ್ತು ಮಗಳದ್ದು. ಹತ್ತು ಸೆಕೆಂಡ್ ಚಿಲ್ಲರೆ ಉಳಿದಾಗ ಬುಲ್ಸ್ ಐದು ಅಂಕ ಹಿಂದೆ. ಮುಂದಿನ ಸಾಲಿನ ಜನ ಕೋಟು ಹಾಕಿಕೊಳ್ಳುತ್ತಿದ್ದರು. ಪ್ಯಾಟ್ರಿಕ್ ವಿಲಿಯಮ್ಸ್ ಮೂಲೆಯಿಂದ ಮೂರು ಅಂಕದ ಹೊಡೆತ ಹಾಕಿದ. ಲೆಬ್ರಾನ್ ಒಳಗೆ ಎಸೆದ ಚೆಂಡನ್ನು ಗಿಡ್ಡಿ ಕಿತ್ತುಕೊಂಡ, ವೈಟ್ ಇನ್ನೊಂದು ಮೂರು ಹೊಡೆದ. ಬುಲ್ಸ್ ಒಂದು ಮುಂದೆ. ಆ ಕಡೆ ಆಸ್ಟಿನ್ ರೀವ್ಸ್ ನುಗ್ಗಿ ಎರಡು ಹಾಕಿದ. ಮತ್ತೆ ಹಿಂದೆ. ಕೋಟು ಹಾಕಿಕೊಂಡವರು ಒಂದು ತೋಳು ಒಳಗೆ, ಒಂದು ಹೊರಗೆ ಬಿಟ್ಟುಕೊಂಡು ನಿಂತಿದ್ದರು. ಗಿಡ್ಡಿ ಅರ್ಧ ಅಂಕಣದಿಂದ ಎಸೆದದ್ದು ಗಂಟೆಯ ಜೊತೆಗೇ ಬಲೆಯೊಳಗೆ ಬಿತ್ತು. 119-117. ತಂಡ ಸೋಲಲಿ ಅಂತ ಮೂರು ವರ್ಷ ವಾದ ಮಾಡಿದವನು ಗುರುತಿಲ್ಲದ ಒಬ್ಬ ಮುದುಕನನ್ನು ತಬ್ಬಿಕೊಂಡು ಕುಣಿಯುತ್ತಿದ್ದ. ಮಗಳು ಅದರ ವೀಡಿಯೋ ಅಪ್ಪನಿಗೆ ಕಳಿಸಿದಳು. ಭಾವ ಉತ್ತರವಾಗಿ ಬರೀ ಒಂದು ಶೀಟ್‌ನ ಲಿಂಕ್ ಕಳಿಸಿದರು.

ಸೀಸನ್ ಮತ್ತೆ 39-43ಕ್ಕೆ ಮುಗಿಯಿತು. ಏಪ್ರಿಲ್ 16ಕ್ಕೆ ಪ್ಲೇ-ಇನ್, ಈ ಸಲ ತವರಿನಲ್ಲಿ, ಎದುರಿಗೆ ಮತ್ತೆ ಮಯಾಮಿ. ಅರ್ಧ ಆಟಕ್ಕೇ 71-47. ಟೈಲರ್ ಹೀರೊ ಒಬ್ಬನೇ 38 ಹೊಡೆದ. 109-90ರಲ್ಲಿ ಕಥೆ ಮುಗಿಯಿತು.

ನಾಣ್ಯ

ಇಷ್ಟಕ್ಕೇ ನಿಂತಿದ್ದರೆ ಭಾಮೈದ ನಾನು ಹೇಳಿರಲಿಲ್ವಾ ಅನ್ನುತ್ತಿದ್ದ. ಆದರೆ ಬುಲ್ಸ್ ಜೊತೆ ಡಾಲಸ್ ಕೂಡ 39-43ರಲ್ಲಿ ಸೀಸನ್ ಮುಗಿಸಿತ್ತು. ಲಾಟರಿಯಲ್ಲಿ ಯಾರು 11, ಯಾರು 12 ಅಂತ ನಾಣ್ಯ ಚಿಮ್ಮಿದಂಥ ಡ್ರಾ ಮಾಡಿದರು. ಡಾಲಸ್ ಗೆದ್ದಿತು. ಅವರಿಗೆ ಮೊದಲ ಪಿಕ್‌ನ ಅವಕಾಶ ಶೇ. 1.8, ಬುಲ್ಸ್‌ಗೆ ಶೇ. 1.7. ಮೇ 12ರಂದು ಶಿಕಾಗೋದಲ್ಲೇ ಲಾಟರಿ ನಡೆದಾಗ ಆ ಶೇ. 1.8 ಬಂದೇಬಿಟ್ಟಿತು. ಆ ವರ್ಷ ಎಲ್ಲರೂ ಕಣ್ಣಿಟ್ಟಿದ್ದ ಹುಡುಗ ಕೂಪರ್ ಫ್ಲ್ಯಾಗ್ ಡಾಲಸ್ ಪಾಲಾದ. ಬುಲ್ಸ್‌ಗೆ 12ನೇ ಪಿಕ್.

ಊರೆಲ್ಲ ಗಿಡ್ಡಿಯ ಅರ್ಧ ಅಂಕಣದ ಹೊಡೆತವೇ ಫ್ಲ್ಯಾಗ್‌ನನ್ನು ಕಳೆಯಿತು ಅಂತ ಮಾತಾಡಿತು. ಒಂದು ಪಂದ್ಯ ಸೋತಿದ್ದರೆ ಡಾಲಸ್‌ಗಿಂತ ಕೆಳಗೆ ಇರುತ್ತಿದ್ದೆವು ಅಲ್ವಾ? ಇರುತ್ತಿದ್ದರು, ನಿಜ. ಆಗ ಅವಕಾಶ ಶೇ. 2 ಆಗುತ್ತಿತ್ತು. ಶೇ. 98 ಸಲ ಸಿಗದ ವಸ್ತುವನ್ನು ಕಳೆದುಕೊಂಡೆವು ಅನ್ನೋದು ಸುಮ್ನೆ ಹೊಟ್ಟೆನೋವಿನ ಮಾತು. ಅದೇ ಲಾಟರಿಯಲ್ಲಿ 65 ಪಂದ್ಯ ಸೋತ ಯೂಟಾ 5ನೇ ಸ್ಥಾನಕ್ಕೆ ಜಾರಿತು, 64 ಸೋತ ವಾಷಿಂಗ್ಟನ್ 6ನೇ ಸ್ಥಾನಕ್ಕೆ. ಇಡೀ ವರ್ಷ ಸೋತವರ ಗತಿಯೇ ಇದು. 2008ರಲ್ಲಿ ಇದೇ ಬುಲ್ಸ್ ಇದೇ ಶೇ. 1.7 ಅವಕಾಶದಲ್ಲಿ ಮೊದಲ ಪಿಕ್ ಪಡೆದು ಡೆರಿಕ್ ರೋಸ್‌ನನ್ನು ತಂದಿತ್ತು ಅನ್ನೋದನ್ನು ಭಾವ ನೆನಪಿಸಿದರು. ಅದು ಬುದ್ಧಿವಂತಿಕೆ ಆಗಿರಲಿಲ್ಲ, ಇದು ದಡ್ಡತನವೂ ಅಲ್ಲ.

ಶೀಟ್ ಉಪಯೋಗಕ್ಕೆ ಬಂದದ್ದು ಈ ಹೊತ್ತಿನಲ್ಲೇ. ಫ್ಲ್ಯಾಗ್ ಅದರಲ್ಲಿ ಎಲ್ಲೂ ಇರಲಿಲ್ಲ, ಯಾಕೆಂದರೆ ಯಾರೂ ಮಾಡಿದ ತೀರ್ಮಾನ ಅಲ್ಲ ಅದು. ಇದ್ದದ್ದು ಕರೂಸೊ ಟ್ರೇಡ್, ಪ್ಯಾಟ್ರಿಕ್ ವಿಲಿಯಮ್ಸ್‌ಗೆ ಐದು ವರ್ಷಕ್ಕೆ ಕೊಟ್ಟ 9 ಕೋಟಿ ಡಾಲರ್, ಲವೀನ್ ಟ್ರೇಡ್. ಇಬ್ಬರ ಕಾಲಂನಲ್ಲೂ ವಿಲಿಯಮ್ಸ್ ಸಾಲಿನ ಮುಂದೆ "ಬೇಡ" ಅಂತಲೇ ಇತ್ತು. ಇಷ್ಟು ವರ್ಷ ಕಿತ್ತಾಡಿದವರು ಆಡಳಿತದ ಅತಿ ಕೆಟ್ಟ ತೀರ್ಮಾನ ಯಾವುದು ಅನ್ನೋದರಲ್ಲಿ ಒಂದೇ ಕಡೆ ಇದ್ದರು. ಎರಡನೇ ದೊಡ್ಡ ತಪ್ಪೂ ಇಬ್ಬರಿಗೂ ಒಂದೇ: 2023ರ, 2024ರ ಫೆಬ್ರವರಿಯಲ್ಲಿ ಕೈಕಟ್ಟಿ ಕೂತದ್ದು. ಕರೂಸೊ, ಡಿರೋಜನ್, ಲವೀನ್ ಮೂವರಿಗೂ ಬೆಲೆ ಇದ್ದಾಗ ಮಾರಲಿಲ್ಲ, ಇಳಿದ ಮೇಲೆ ಮಾರಿದರು. ಪ್ಲೇಆಫ್ ಬೇಕು ಅನ್ನುವವನಿಗೂ ಅದರಿಂದ ನಷ್ಟ, ಡ್ರಾಫ್ಟ್ ಬೇಕು ಅನ್ನುವವನಿಗೂ ನಷ್ಟ.

ಜೂನ್ 22ಕ್ಕೆ ಓಕ್ಲಹೋಮಾ ಕಪ್ ಗೆದ್ದಿತು, ಕರೂಸೊ ಸಮೇತ. ಭಾಮೈದ ನೋಡಿ ಡ್ರಾಫ್ಟ್ ಅಂದ. ಭಾವ ಅವರ ದೊಡ್ಡ ಆಟಗಾರ ಶೇ ಗಿಲ್ಜಸ್-ಅಲೆಕ್ಸಾಂಡರ್ ಬಂದದ್ದು 2019ರ ಟ್ರೇಡ್‌ನಲ್ಲಿ ಅಂದರು. ಜೇಲೆನ್ ವಿಲಿಯಮ್ಸ್ ಡ್ರಾಫ್ಟ್‌ನಲ್ಲೇ ಬಂದ, ಆದರೆ 12ನೇ ಪಿಕ್ ಆಗಿ. ಅಂದರೆ ಒಂಬತ್ತನೇ ಸ್ಥಾನದವರಿಗೂ ಸಿಗುವಂಥ ನಂಬರ್ ಅದು. ಇಬ್ಬರೂ ಸರಿಯೇ, ಹಾಗಾಗಿ ಓಕ್ಲಹೋಮಾ ಉದಾಹರಣೆ ಈ ಮನೆಯಲ್ಲಿ ಯಾರಿಗೂ ಆಯುಧವಾಗಿ ಉಳಿಯಲಿಲ್ಲ. ಮೂರು ದಿನದ ನಂತರ ಬುಲ್ಸ್ ತಮ್ಮ 12ನೇ ಪಿಕ್‌ನಿಂದ ಫ್ರಾನ್ಸ್‌ನ 18 ವರ್ಷದ ನೋವಾ ಎಸಾಂಗ್‌ನನ್ನು ಆರಿಸಿದರು.

ಇಂಥ ಪ್ರಕರಣ ಇನ್ನೊಂದು ತಂಡದ ಅಭಿಮಾನಿಗಳ ಮಧ್ಯೆ ಬಂದರೆ, ವಾದಕ್ಕೆ ಕೂರುವ ಮೊದಲು ಮೂರು ವಿಷಯ ಕೇಳಿಕೊಳ್ಳಿ ಅನ್ನುತ್ತೇನೆ: ಈ ವರ್ಷದ ಪಿಕ್ ಯಾರದ್ದು, ಯಾವ ಸ್ಥಾನಕ್ಕೆ ಇಳಿದರೆ ಅದು ಉಳಿಯುತ್ತೆ, ಮಾರಬೇಕಾದ ಆಟಗಾರನ ಬೆಲೆ ಏರುತ್ತಿದೆಯಾ ಇಳಿಯುತ್ತಿದೆಯಾ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಜಗಳಕ್ಕೆ ವಿಷಯವೇ ಇರೋದಿಲ್ಲ. ಉಳಿದರ್ಧ, ತಾಳ್ಮೆ ಯಾರಿಗೆ ಎಷ್ಟಿದೆ ಅನ್ನೋದು. ಅದನ್ನು ಲೆಕ್ಕದಿಂದ ತೀರ್ಮಾನ ಮಾಡೋಕಾಗಲ್ಲ. ಅರವತ್ತು ದಾಟಿದವರು ಐದು ವರ್ಷ ಕಾಯಿರಿ ಅಂದರೆ ಮುಖ ಸಿಂಡರಿಸೋದು ಸಹಜ.

ಟಿಕೆಟ್ ವಿಷಯ ಕೊನೆಗೆ ಐದು ನಿಮಿಷದಲ್ಲಿ ಮುಗಿಯಿತು. ಪೂರ್ತಿ ಸೀಸನ್ ಬಿಟ್ಟು, ಇಷ್ಟವಾದ ಪಂದ್ಯಗಳಿಗೆ ಮಾತ್ರ ಬಿಡಿ ಟಿಕೆಟ್ ತೆಗೆದುಕೊಳ್ಳೋದು ಅಂತಾಯಿತು. ಭಾವ ಪಟ್ಟಿ ಮಾಡಿದರು, ಭಾಮೈದ ಮಯಾಮಿ ಪಂದ್ಯಗಳನ್ನು ಹೊಡೆದುಹಾಕಿದ.

ಸೆಪ್ಟೆಂಬರ್‌ನಲ್ಲಿ ಗಿಡ್ಡಿಗೆ ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಆದಾಗ ಶೀಟ್‌ಗೆ ಹೊಸ ಸಾಲು ಬಂತು. ಭಾವ "ಸರಿ ಬೆಲೆ" ಅಂತ ಬರೆದರು. ಭಾಮೈದ "ಒಂದು ವರ್ಷ ಜಾಸ್ತಿ ಆಯ್ತು, ಆದರೂ ಓಕೆ" ಅಂತ ಬರೆದ. ಮಗಳು ತನಗೂ ಒಂದು ಕಾಲಂ ಸೇರಿಸಿಕೊಂಡಿದ್ದಾಳೆ. ಅದರಲ್ಲಿ ಏನು ಬರೆದಿದ್ದಾಳೆ ಅಂತ ಸೀಸನ್ ಮುಗಿಯುವ ತನಕ ಇಬ್ಬರಿಗೂ ತೋರಿಸೋದಿಲ್ಲವಂತೆ.